ಕುರಿಯ ಗುಂಡಿಗೆಯಿಂದ ರೋಗಿಯ ಹಾಸಿಗೆಯವರೆಗೆ: ನರ್ಸಿಂಗ್ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಬಿ.ಎಸ್ಸಿ. ನರ್ಸಿಂಗ್‌ನ ಮೊದಲ ಸೆಮಿಸ್ಟರ್‌ನಲ್ಲಿ ಅಂಗಾಂಶಗಳ ಪಾಠ ಬರುತ್ತದೆ. ವಯಸ್ಕರ ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳ ಶುಶ್ರೂಷೆ ಬರುವುದು ಮೂರನೆಯದರಲ್ಲಿ. ನಡುವೆ ಎರಡು ಪರೀಕ್ಷೆ, ಒಂದಷ್ಟು ರಜೆ. ಅಷ್ಟರಲ್ಲಿ ಮೊದಲನೆಯದು ಪೂರ್ತಿ ಮರೆತಿರುತ್ತದೆ. ವಾರ್ಡಿನಲ್ಲಿ ಹುಡುಗಿಯೊಬ್ಬಳನ್ನು ನಿಲ್ಲಿಸಿ, "ಈ ತಾತನನ್ನು ಯಾಕಮ್ಮ ಒರಗಿಸಿ ಕೂರಿಸಿದ್ದೀಯ?" ಎಂದು ಕೇಳಿದರೆ, "ಫೌಲರ್ಸ್ ಪೊಸಿಷನ್ ಮೇಡಂ" ಎನ್ನುತ್ತಾಳೆ. ಯಾಕೆ ಎಂದು ಕೇಳಿದ್ದಕ್ಕೆ ಹೆಸರು ಹೇಳಿದಳು. ತಪ್ಪು ಅವಳದಲ್ಲ, ನಾವು ಕಲಿಸುವುದೇ ಹಾಗೆ.

ಅಂಗಾಂಶವನ್ನು ಒಮ್ಮೆ ಕಣ್ಣಾರೆ ಕಂಡು, ಬೆರಳಲ್ಲಿ ಒತ್ತಿ ನೋಡಿದರೆ, ಹಾಸಿಗೆಯ ಪಕ್ಕದಲ್ಲಿ ಮಾಡುವ ಅರ್ಧದಷ್ಟು ಕೆಲಸಕ್ಕೆ ಬಾಯಿಪಾಠ ಬೇಕಾಗುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಹೆಚ್ಚು ಹಿಡಿಸುತ್ತದೆ. ಒಂಬತ್ತನೆಯ ತರಗತಿಯಲ್ಲಿ ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ನಾಲ್ಕು ಅಂಗಾಂಶ ಓದಿದ್ದೀರಲ್ಲ, ಬಂಡವಾಳ ಅಷ್ಟು ಸಾಕು.

ಮೊದಲು ಮಟನ್ ಅಂಗಡಿಗೆ ಹೋಗಿ

ಭಾನುವಾರ ಬೇಡ, ಅಂದು ಕಟುಕನಿಗೆ ಪುರುಸೊತ್ತಿರುವುದಿಲ್ಲ. ವಾರದ ನಡುವೆ ಬೆಳಿಗ್ಗೆಯೇ ಹೋಗಿ, "ಗುಂಡಿಗೆ, ಪುಪ್ಪುಸ ಎರಡನ್ನೂ ಬಿಡಿಸದೆ, ಗಂಟಲ ಕೊಳವೆಯ ಸಮೇತ ಕೊಡಿ, ಕಾಲೇಜಿಗೆ ಬೇಕು" ಎಂದು ಕೇಳಿ. ಪುಪ್ಪುಸಕ್ಕೆ ಚಾಕು ತಾಗಬಾರದು ಎಂದು ಒತ್ತಿ ಹೇಳಿ. ಒಂದು ಕಡೆ ಕೊಯ್ದರೂ ಮುಂದಿನ ಆಟ ಕೆಡುತ್ತದೆ. ಮಾಂಸ ಮುಟ್ಟದ ಮನೆಯವರು ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾಲ್ಕು ಜನ ಸೇರಿ ಮಾಡಬಹುದು. ಕೈಗವಸು ಹಾಕಿಕೊಳ್ಳಿ. ಮುಗಿದ ಮೇಲೆ ಟ್ರೇ, ಕತ್ತರಿ, ಕೈ ಮೂರನ್ನೂ ಸೋಪು ಹಚ್ಚಿ ತೊಳೆಯಿರಿ.

ಮೊದಲು ಶ್ವಾಸನಾಳವನ್ನು ಬೆರಳಿನಿಂದ ಸವರಿ. ಮುಂದೆ ಬಳೆಯಂತೆ ಗಟ್ಟಿ, ಹಿಂದೆ ಮೆತ್ತಗೆ. ಮನುಷ್ಯನಲ್ಲಿ ಇಂಥ 16ರಿಂದ 20 ಮೃದ್ವಸ್ಥಿಯ ಬಳೆಗಳಿರುತ್ತವೆ. ಯಾವುದೂ ಪೂರ್ತಿ ಸುತ್ತಿರುವುದಿಲ್ಲ. ಹಿಂದಿನ ಮೆತ್ತನೆಯ ಭಾಗಕ್ಕೆ ಅನ್ನನಾಳ ಒರಗಿಕೊಂಡಿರುತ್ತದೆ. ಕೊಳವೆ ಮುಚ್ಚಿಕೊಳ್ಳದಂತೆ ತಡೆಯುವುದು ಈ ಬಳೆಗಳು. ಶ್ವಾಸಕೋಶದ ಒಳಗೆ ಹೋದಂತೆ ಅವು ಚೂರು ಚೂರಾಗಿ, ಅತಿ ಸಣ್ಣ ಕವಲುಗಳಲ್ಲಿ ಇಲ್ಲವೇ ಇಲ್ಲವಾಗುತ್ತವೆ. ಈ ಮಾತನ್ನು ನೆನಪಿನಲ್ಲಿಡಿ, ಉಬ್ಬಸದ ರೋಗಿಯ ಹತ್ತಿರ ಬೇಕಾಗುತ್ತದೆ.

ಈಗ ಶ್ವಾಸನಾಳಕ್ಕೆ ಪ್ಲಾಸ್ಟಿಕ್ ನಳಿಕೆ ತೂರಿಸಿ, ದಾರದಿಂದ ಬಿಗಿಯಾಗಿ ಕಟ್ಟಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಬಾಯಿಂದ ಊದುವ ಸಾಹಸ ಬೇಡ. ಕಂದುಗೆಂಪಾಗಿ ಮುದುಡಿ ಬಿದ್ದಿದ್ದ ಪುಪ್ಪುಸ ನೋಡನೋಡುತ್ತ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಟ್ರೇಯ ಅಂಚು ಮೀರಿ ಉಬ್ಬುತ್ತದೆ. ಪಂಪನ್ನು ತೆಗೆಯಿರಿ. ಯಾರೂ ಹಿಂಡದೆಯೇ ಅದು ತಾನಾಗಿ ಕುಗ್ಗುತ್ತದೆ. ಇಡೀ ತರಗತಿ "ಓ" ಎನ್ನುವುದು ಇಲ್ಲಿಯೇ. ಸುಮ್ಮನೆ ಕುಳಿತಾಗ ನಾವು ಉಸಿರು ಬಿಡಲು ಶ್ರಮ ಪಡದಿರುವುದಕ್ಕೆ ಕಾರಣ ಈ ಸ್ಥಿತಿಸ್ಥಾಪಕ ನಾರು. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ, ಕಟ್ಟಿಗೆ ಒಲೆಯ ಹೊಗೆಯಲ್ಲಿ ಬೆಂದವರಲ್ಲಿ ಸವೆದು ಹೋಗುವುದೂ ಇದೇ ನಾರು. ಒಂದು ಸಣ್ಣ ತುಂಡು ಕತ್ತರಿಸಿ ನೀರಿಗೆ ಹಾಕಿ, ತೇಲುತ್ತದೆ.

ಒಂದು ಎಚ್ಚರಿಕೆ: ಕುರಿಯಲ್ಲಿ ಬಲ ಮೇಲ್ಭಾಗಕ್ಕೆ ಶ್ವಾಸನಾಳದಿಂದಲೇ ಪ್ರತ್ಯೇಕ ಕವಲೊಂದು ಹೊರಡುತ್ತದೆ, ಮನುಷ್ಯನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಇದನ್ನು ನೋಡಿ ವೈವಾದಲ್ಲಿ ತಪ್ಪು ಹೇಳಬೇಡಿ.

ಗುಂಡಿಗೆಯನ್ನು ಉದ್ದಕ್ಕೆ ಸೀಳಿ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಬಲದ್ದು ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ತಳ್ಳಬೇಕು, ಎಡದ್ದು ಮಿದುಳಿನಿಂದ ಕಾಲಿನ ಹೆಬ್ಬೆರಳಿನವರೆಗೆ ತಳ್ಳಬೇಕು. ಕವಾಟದ ತುದಿಯಿಂದ ಬಿಳಿ ದಾರದಂಥ ಎಳೆಗಳು ಇಳಿದಿರುತ್ತವೆ. ಎಳೆದು ನೋಡಿ, ಹೊಲಿಗೆ ದಾರಕ್ಕಿಂತ ಗಟ್ಟಿ. ಆಮೇಲೆ ಮಹಾಅಪಧಮನಿಯ ತುಂಡನ್ನೂ ಅಭಿಧಮನಿಯ ತುಂಡನ್ನೂ ಅಕ್ಕಪಕ್ಕ ಇಟ್ಟು ಬೆರಳಿನಿಂದ ಒತ್ತಿ ಬಿಡಿ. ಒಂದು ರಬ್ಬರಿನಂತೆ ಮತ್ತೆ ಬಾಯ್ತೆರೆಯುತ್ತದೆ, ಇನ್ನೊಂದು ಒದ್ದೆ ಬಟ್ಟೆಯಂತೆ ಮಡಿಚಿ ಬೀಳುತ್ತದೆ.

ಆಮೇಲೆ ಸೂಕ್ಷ್ಮದರ್ಶಕ

ಸ್ಲೈಡ್‌ಗಳು ಹೆಚ್ಚಾಗಿ ಎರಡು ಬಣ್ಣದವು: ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ-ನೇರಳೆ ಕೊಡುತ್ತದೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. ಹಾಗಾಗಿ ಎರಡೇ ಬಣ್ಣದ ಪೆನ್ಸಿಲ್ ಸಾಕು. ಎಲ್ಲರೂ ಮಾಡುವ ತಪ್ಪೆಂದರೆ ನೇರವಾಗಿ ದೊಡ್ಡ ಮಸೂರಕ್ಕೆ ಜಿಗಿಯುವುದು. ಊರಿನ ನಕ್ಷೆ ನೋಡದೆ ಬಾಗಿಲ ಸಂಖ್ಯೆ ಹುಡುಕಿದ ಹಾಗೆ. ನಾಲ್ಕು ಪಟ್ಟಿನ ಮಸೂರದಲ್ಲಿ ಐದು ನಿಮಿಷ ಅಡ್ಡಾಡಿ, ಮೂರು ಪ್ರಶ್ನೆ ಕೇಳಿಕೊಳ್ಳಿ: ಖಾಲಿ ಜಾಗ ಎಲ್ಲಿದೆ? ಅದರ ಅಂಚಿನಲ್ಲಿ ಯಾರು ನಿಂತಿದ್ದಾರೆ? ಅವರ ಬೆನ್ನ ಹಿಂದೆ ಏನಿದೆ?

ಶ್ವಾಸನಾಳದ ಸ್ಲೈಡ್‌ನಲ್ಲಿ ಅಂಚಿಗೆ ಎತ್ತರದ ಕೋಶಗಳು, ತಲೆಯ ಮೇಲೆ ಬ್ರಷ್ಷಿನಂಥ ಸಿಲಿಯಾ. ನಡುನಡುವೆ ಬಟ್ಟಲಿನಾಕಾರದ ಗಾಬ್ಲೆಟ್ ಕೋಶಗಳು ಲೋಳೆ ಸುರಿಸುತ್ತವೆ. ಲೋಳೆಗೆ ಧೂಳು ಅಂಟುತ್ತದೆ, ಸಿಲಿಯಾ ಅದನ್ನು ಗಂಟಲಿನತ್ತ ತಳ್ಳುತ್ತವೆ. ಹೊಗೆ ಈ ಬ್ರಷ್ಷನ್ನು ಕೆಡಿಸಿ ಲೋಳೆಯನ್ನು ಹೆಚ್ಚಿಸುತ್ತದೆ. ಗುಡಿಸುವವರಿಲ್ಲದ ಮನೆಯಲ್ಲಿ ಕಸ ಕೂತಂತೆ ಕಫ ಕೂರುತ್ತದೆ, ರೋಗಿ ಬೆಳಗಾಗುತ್ತಲೇ ಕೆಮ್ಮುತ್ತಾನೆ. ದಿನವೂ ಕೆಮ್ಮಿ ಕಫ ಹೊರಹಾಕುವುದನ್ನು ಯಾಕೆ ಕಲಿಸುತ್ತೇವೆ ಎಂಬುದಕ್ಕೆ ಇಷ್ಟು ವಿವರಣೆ ಸಾಕು.

ಶ್ವಾಸಕೋಶದ ಸ್ಲೈಡ್ ಕಸೂತಿಯಂತೆ ಕಾಣುತ್ತದೆ. ಅದನ್ನು ಕೊಬ್ಬಿನ ಅಂಗಾಂಶ ಎಂದು ಬರೆದವರು ನನ್ನ ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಕೊಬ್ಬಿನ ಕೋಶಗಳು ಮುಚ್ಚಿದ ಉಂಗುರಗಳು, ಕೋಶಕೇಂದ್ರ ಮೂಲೆಗೆ ಒತ್ತಿ ಚಪ್ಪಟೆಯಾಗಿರುತ್ತದೆ. ಶ್ವಾಸಕೋಶದಲ್ಲಿ ಉಂಗುರಗಳು ಅಲ್ಲಲ್ಲಿ ಒಂದಕ್ಕೊಂದು ತೆರೆದುಕೊಂಡಿರುತ್ತವೆ, ಗೋಡೆಯೊಳಗೆ ಸಾಲಾಗಿ ಕೆಂಪು ರಕ್ತಕಣ ಕಾಣುತ್ತದೆ. ಇಂಥ ಗಾಳಿಗೂಡುಗಳು ನಮ್ಮಲ್ಲಿ 30 ಕೋಟಿಗೂ ಹೆಚ್ಚು. ಗಾಳಿಗೂ ರಕ್ತಕ್ಕೂ ನಡುವಿನ ಪರದೆ ತೆಳುವಾದ ಕಡೆ ಒಂದು ಮೈಕ್ರೋಮೀಟರ್ ಕೂಡ ಇಲ್ಲ. ಒಂದು ಕೆಂಪು ರಕ್ತಕಣದ ಅಗಲವೇ ಏಳೆಂಟು ಮೈಕ್ರೋಮೀಟರ್. ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಲೋಮನಾಳಗಳನ್ನು 1661ರಲ್ಲಿ ಮೊದಲು ಕಂಡ ಇಟಲಿಯ ಮಾರ್ಸೆಲೊ ಮಾಲ್ಪೀಘಿ ಅವನ್ನು ಕಂಡದ್ದೂ ಕಪ್ಪೆಯ ಶ್ವಾಸಕೋಶದಲ್ಲಿಯೇ.

ರಕ್ತನಾಳದಲ್ಲಿ ಮೂರು ಪದರ ಎಣಿಸಿ ಮುಂದೆ ಹೋಗಿ. ಅಪಧಮನಿ ದುಂಡಗೆ, ಒಳಗೆರೆ ಅಲೆಅಲೆಯಾಗಿ, ಅಭಿಧಮನಿ ಅಂಕುಡೊಂಕು. ಹೃದಯ ಸ್ನಾಯುವಿನಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಎಳೆಗಳು ಕವಲೊಡೆದು ಒಂದಕ್ಕೊಂದು ಸೇರಿರುತ್ತವೆ, ಕೋಶಕೇಂದ್ರ ನಡುವಿನಲ್ಲಿರುತ್ತದೆ, ಎರಡು ಕೋಶ ಕೂಡುವಲ್ಲಿ ಗಾಢವಾದ ಅಡ್ಡಗೆರೆ ಇರುತ್ತದೆ. ವಿದ್ಯುತ್ ಸಂದೇಶ ಕೋಶದಿಂದ ಕೋಶಕ್ಕೆ ದಾಟುವುದು ಈ ಗೆರೆಯ ಮೂಲಕ. ಸತ್ತ ಹೃದಯ ಸ್ನಾಯುವಿನ ಜಾಗದಲ್ಲಿ ಹೊಸ ಸ್ನಾಯು ಬೆಳೆಯುವುದಿಲ್ಲ ಎಂದೇ ಹೇಳಬೇಕು, ಅಲ್ಲಿ ಗಾಯದ ಕಲೆ ಉಳಿಯುತ್ತದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಎಡಪುಟದಲ್ಲಿ ಅಂಗಾಂಶದ ಚಿತ್ರ ಬರೆದು ಬಲಪುಟವನ್ನು ಖಾಲಿ ಬಿಡಿ. ಮೂರನೆಯ ಸೆಮಿಸ್ಟರ್‌ನಲ್ಲಿ ಆ ಅಂಗಾಂಶ ಕೆಟ್ಟ ರೋಗಿ ಸಿಕ್ಕ ದಿನ ಅಲ್ಲಿ ನಾಲ್ಕು ಸಾಲು ಬರೆಯಿರಿ. ರೋಗಿಯ ಹೆಸರು ಬೇಡ, ವಯಸ್ಸು ಮತ್ತು ದೂರು ಸಾಕು.

ವಾರ್ಡಿನಲ್ಲಿ: ಉಸಿರಿನ ರೋಗಿ

ಮೊದಲ ಕೆಲಸ ಉಸಿರನ್ನು ಎಣಿಸುವುದು. ಪೂರ್ತಿ ಒಂದು ನಿಮಿಷ, ರೋಗಿಗೆ ಗೊತ್ತಾಗದ ಹಾಗೆ. ನಾಡಿ ಹಿಡಿದವರಂತೆ ನಟಿಸುತ್ತ ಎದೆಯನ್ನು ನೋಡಿ. ವಯಸ್ಕರಲ್ಲಿ 12ರಿಂದ 20 ಸಹಜ. ಎಲ್ಲ ಚಾರ್ಟಿನಲ್ಲೂ '20' ಎಂದೇ ಬರೆದಿರುತ್ತದೆ. ಅದನ್ನು ಯಾರೂ ಎಣಿಸಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾಯಿಲೆ ಕೈಮೀರುತ್ತಿರುವಾಗ ಮೊದಲು ಏರುವ ಸಂಖ್ಯೆಗಳಲ್ಲಿ ಇದು ಒಂದು.

ಜನ 'ದಮ್ಮು', 'ಗೂರಲು', 'ಉಬ್ಬಸ' ಎಂದು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿರಬಹುದು. ಅಸ್ತಮಾದಲ್ಲಿ ಸಣ್ಣ ಕೊಳವೆಗಳ ನಯಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ. ಔಷಧ ಕೊಟ್ಟರೆ ಬಹುಮಟ್ಟಿಗೆ ಸಡಿಲುತ್ತದೆ. ಸಿ.ಓ.ಪಿ.ಡಿ., ಅಂದರೆ ವರ್ಷಗಟ್ಟಲೆ ಹೊಗೆ ಕುಡಿದವರಲ್ಲಿ ಹೆಚ್ಚಾಗಿ ಕಾಣುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ, ಗಾಳಿಗೂಡಿನ ಗೋಡೆಗಳೇ ಒಡೆದಿರುತ್ತವೆ, ನಾರು ಸವೆದಿರುತ್ತದೆ. ಅದು ಮರಳಿ ಬರುವುದಿಲ್ಲ. ಮೃದ್ವಸ್ಥಿಯ ಬಳೆಯಿಲ್ಲದ ಸಣ್ಣ ಕೊಳವೆಗಳನ್ನು ಸುತ್ತಲಿನ ನಾರು ಎಳೆದು ತೆರೆದಿಟ್ಟಿರುತ್ತದೆ ಎಂಬುದನ್ನು ಈಗ ನೆನಪಿಸಿಕೊಳ್ಳಿ. ನಾರು ಹೋದರೆ ಉಸಿರು ಬಿಡುವಾಗ ಕೊಳವೆ ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ತುಟಿ ಮುಚ್ಚಿ ಮೂಗಿನಿಂದ ಎಳೆದುಕೊಂಡು, ಬಿಸಿ ಕಾಫಿ ಆರಿಸುವಂತೆ ತುಟಿ ಚೂಪು ಮಾಡಿ ಎರಡು ಪಟ್ಟು ಹೊತ್ತು ಬಿಡುವುದನ್ನು ಕಲಿಸುವುದು ಇದಕ್ಕಾಗಿ: ಒಳಗಿನ ಒತ್ತಡ ಕೊಳವೆಯನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಮುಂದೆ ಬಾಗಿ ಮೊಣಕೈಗಳನ್ನು ಮೇಜಿನ ಮೇಲೆ ಊರಿ ಕೂರಿಸಿದರೆ ಕುತ್ತಿಗೆ, ಭುಜದ ಸ್ನಾಯುಗಳೂ ನೆರವಿಗೆ ಬರುತ್ತವೆ.

ಆಮ್ಲಜನಕದ ವಿಚಾರದಲ್ಲಿ ಉದಾರಿಗಳಾಗಬೇಡಿ. ರೋಗಿ ಏದುಸಿರು ಬಿಡುತ್ತಿದ್ದರೆ ಸಂಬಂಧಿಕರು "ಗಾಳಿ ಜಾಸ್ತಿ ಮಾಡಿ ಸಿಸ್ಟರ್" ಎಂದು ಗೋಗರೆಯುತ್ತಾರೆ. ಸಿ.ಓ.ಪಿ.ಡಿ. ತೀವ್ರವಾಗಿರುವವರಲ್ಲಿ ಆಮ್ಲಜನಕ ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ರೋಗಿ ಮಂಪರಿಗೆ ಜಾರಬಹುದು. ಅಂಥವರಲ್ಲಿ ಆಕ್ಸಿಮೀಟರ್ ತೋರಿಸುವ ರಕ್ತದ ಆಮ್ಲಜನಕ ಮಟ್ಟದ ಗುರಿ 88ರಿಂದ 92 ಪ್ರತಿಶತ. ಪ್ರಮಾಣವನ್ನು ವೈದ್ಯರು ಬರೆಯುತ್ತಾರೆ. ಆ ಅಂಕಿ ದಾಟದಂತೆ, ಕೆಳಗೂ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನದು. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣನೆಯ ಕೈಯಲ್ಲಿ, ಬಣ್ಣ ಬಳಿದ ಉಗುರಿನಲ್ಲಿ ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಕೈ ಬೆಚ್ಚಗೆ ಮಾಡಿ, ಬೆರಳು ಬದಲಿಸಿ ನೋಡಿ. ಅಂಕಿ ಚೆನ್ನಾಗಿದ್ದು ರೋಗಿ ಪೂರ್ತಿ ವಾಕ್ಯ ಆಡಲಾರದೆ ತಡವರಿಸುತ್ತಿದ್ದರೆ ರೋಗಿಯನ್ನು ನಂಬಿ.

ಹೃದಯದ ರೋಗಿ

ಹೃದಯ ವೈಫಲ್ಯ ಎಂದರೆ ಹೃದಯ ನಿಂತಿತು ಎಂದು ಮನೆಯವರು ಹೆದರುತ್ತಾರೆ. ಪಂಪು ಸೋತಿದೆ, ನಿಂತಿಲ್ಲ ಎಂದು ಮೊದಲು ಬಿಡಿಸಿ ಹೇಳಿ. ಎಡಭಾಗ ಸೋತರೆ ರಕ್ತ ಹಿಂದಕ್ಕೆ, ಶ್ವಾಸಕೋಶದ ಲೋಮನಾಳಗಳಲ್ಲಿ ಒತ್ತಿಕೊಳ್ಳುತ್ತದೆ. ಒಂದು ಮೈಕ್ರೋಮೀಟರ್ ಕೂಡ ಇಲ್ಲದ ಆ ಪರದೆಯಿಂದ ನೀರು ಗಾಳಿಗೂಡಿಗೆ ಜಿನುಗುತ್ತದೆ. ಮಲಗಿದರೆ ಕಾಲು, ಹೊಟ್ಟೆಯ ಕಡೆಯಿಂದ ಇನ್ನಷ್ಟು ರಕ್ತ ಎದೆಗೆ ಬರುವುದರಿಂದ ಉಸಿರು ಕಟ್ಟುತ್ತದೆ. ಒರಗಿಸಿ ಕೂರಿಸಿ ಕಾಲು ಇಳಿಬಿಟ್ಟರೆ ಆ ಭಾರ ಇಳಿಯುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದು. "ರಾತ್ರಿ ಎಷ್ಟು ದಿಂಬು ಹಾಕಿಕೊಂಡು ಮಲಗುತ್ತೀರಿ ತಾತ? ನಡುರಾತ್ರಿ ಎದ್ದು ಕಿಟಕಿಯ ಹತ್ತಿರ ಕೂರುತ್ತೀರಾ?" ಎಂದು ಕೇಳಿ. ಹೋದ ತಿಂಗಳು ಒಂದಿದ್ದದ್ದು ಈಗ ಮೂರಾಗಿದ್ದರೆ ಅದನ್ನು ಚಾರ್ಟಿನಲ್ಲಿ ಬರೆಯಿರಿ.

ಬಲಭಾಗ ಸೋತರೆ ಬಾವು ಕಾಲಿನಲ್ಲಿ. ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳನ್ನು ಕೆಲವು ಸೆಕೆಂಡು ಒತ್ತಿ ತೆಗೆದರೆ ರೊಟ್ಟಿ ಹಿಟ್ಟಿನ ಮೇಲೆ ಒತ್ತಿದಂತೆ ಗುಳಿ ಉಳಿಯುತ್ತದೆ. ಹಾಸಿಗೆ ಹಿಡಿದವರಲ್ಲಿ ಕಾಲು ನೋಡಿ ಸುಮ್ಮನಾಗಬೇಡಿ. ನೀರು ಸೊಂಟದ ಹಿಂಭಾಗಕ್ಕೆ ಇಳಿದಿರುತ್ತದೆ.

ತೂಕವನ್ನು ದಿನವೂ ಒಂದೇ ಹೊತ್ತಿಗೆ ನೋಡಬೇಕು: ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ಯಂತ್ರ, ಅಷ್ಟೇ ಬಟ್ಟೆ. ಮೂರು ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದರೆ ಅದು ಮಾಂಸವಲ್ಲ, ನೀರು, ವೈದ್ಯರಿಗೆ ತಿಳಿಸಬೇಕು. ಮನೆಗೆ ಹೋದ ಮೇಲೂ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡಲು ಹೇಳಿ. ನೀರು ಇಳಿಸುವ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಕೊಡುತ್ತಾರೆ. ರಾತ್ರಿ ಕೊಟ್ಟರೆ ವಯಸ್ಸಾದವರು ಕತ್ತಲಲ್ಲಿ ಬಚ್ಚಲಿಗೆ ಎದ್ದು ಬೀಳುತ್ತಾರೆ. ಹೃದಯದ ಬಡಿತ ನಿಧಾನಿಸುವ ಡಿಗಾಕ್ಸಿನ್ ಕೊಡುವ ಮುನ್ನ ಒಂದು ನಿಮಿಷ ನಾಡಿ ಎಣಿಸಿ. 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ವೈದ್ಯರನ್ನು ಕೇಳಿ.

ಉಪ್ಪಿನ ಬಗ್ಗೆ ಮಾತನಾಡುವಾಗ "ಉಪ್ಪು ಕಡಿಮೆ ಮಾಡಿ" ಎಂದಷ್ಟೇ ಹೇಳಿದರೆ ಉಪಯೋಗವಿಲ್ಲ. ಸಾರಿಗೆ ಉಪ್ಪು ಕಮ್ಮಿ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡು ಉಣ್ಣುವ ಜನ ನಾವು. ಕರಾವಳಿಯವರಾದರೆ ಒಣಮೀನು. ಯಾವ ಡಬ್ಬಿಯನ್ನು ಊಟದ ಹೊತ್ತಿಗೆ ಹೊರಗೆ ತೆಗೆಯಬಾರದು ಎಂದು ಹೆಸರು ಹಿಡಿದು ಹೇಳಿ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಎನ್ನುತ್ತದೆ. ಸೋಡಿಯಂ ಕಡಿಮೆ ಇರುವ 'ಬದಲಿ ಉಪ್ಪಿ'ನಲ್ಲಿ ಪೊಟ್ಯಾಸಿಯಂ ಇರುತ್ತದೆ, ಎಳನೀರಿನಲ್ಲೂ ಇರುತ್ತದೆ. ಕಿಡ್ನಿ ದುರ್ಬಲವಾಗಿದ್ದವರು, ಸ್ಪೈರೊನೊಲ್ಯಾಕ್ಟೋನ್ ಎಂಬ ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಮುಟ್ಟಬಾರದು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ದೇಹದಲ್ಲಿ ನೀರು ನಿಲ್ಲಿಸುತ್ತದೆ ಎಂಬುದನ್ನೂ ಹೇಳಿ. ಚೀಟಿಯಲ್ಲಿ ಇಲ್ಲದ ಈ ಮಾತ್ರೆಯ ಬಗ್ಗೆ ನಾವು ಕೇಳುವುದೇ ಇಲ್ಲ.

ಬಿ.ಪಿ. ನೋಡುವುದನ್ನು ನಾನು ಉದ್ದ ಮಾಡುವುದಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿಸಿ, ತೋಳು ಹೃದಯದ ಮಟ್ಟಕ್ಕೆ ಬರಲಿ. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿರಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಇದೆ ಎಂದು ತೋರಿಸುತ್ತದೆ. ಮಾತಾಡಿಸುತ್ತ ನೋಡಬೇಡಿ.

ಎದೆನೋವು

ಇಲ್ಲಿ ಗಡಿಯಾರ ನೋಡಿಕೊಂಡು ಕೆಲಸ ಮಾಡಬೇಕು. ಹೃದಯ ಸ್ನಾಯುವಿನ ಪುಟ ತೆರೆದು ನೋಡಿ: ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಸಾಯುವ ಕೋಶಗಳಿಂದ ಸೋರಿದ ಟ್ರೋಪೋನಿನ್ ಎಂಬ ಪ್ರೋಟೀನನ್ನೇ ರಕ್ತ ಪರೀಕ್ಷೆಯಲ್ಲಿ ಹುಡುಕುವುದು. ಎದೆ ಹಿಂಡಿದಂತೆ ನೋವು, ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು ಇದ್ದವರಿಗೆ ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇ.ಸಿ.ಜಿ. ಆಗಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಉಸಿರಾಟದ ಕಷ್ಟ ಇರಬಹುದು. 'ಗ್ಯಾಸ್ಟ್ರಿಕ್' ಎಂಬ ಒಂದು ಪದ ನಮ್ಮ ಊರುಗಳಲ್ಲಿ ಎಷ್ಟು ಹೊತ್ತನ್ನು ತಿಂದುಹಾಕಿದೆಯೋ! ಜೀರಿಗೆ ನೀರು, ಸೋಡಾ, ಮಾತ್ರೆ, ಮಲಗಿ ನೋಡೋಣ ಎನ್ನುವಷ್ಟರಲ್ಲಿ ಬೆಳಗಾಗಿರುತ್ತದೆ.

ಮನೆಯವರಿಗೆ ಹೇಳಬೇಕಾದದ್ದು: 108ಕ್ಕೆ ಕರೆ ಮಾಡಿ, ಬೈಕಿನಲ್ಲಿ ಕೂರಿಸಿಕೊಂಡು ಹೊರಡಬೇಡಿ, ನಡೆಸಬೇಡಿ. ಬೆಂಗಳೂರೇ ಸೇರಬೇಕೆಂದು ಹತ್ತಿರದ ಆಸ್ಪತ್ರೆಯನ್ನು ದಾಟಿ ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಜಯದೇವದಂಥ ಕೇಂದ್ರದ ತಜ್ಞರ ಸಲಹೆ ಪಡೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಇದೆ. ಆಸ್ಪತ್ರೆಯೊಳಗೆ ಎದೆನೋವೆಂದ ಕೂಡಲೇ ಆಮ್ಲಜನಕ ಹಚ್ಚುವುದು ಹಳೆಯ ಅಭ್ಯಾಸ. ರಕ್ತದ ಆಮ್ಲಜನಕ ಮಟ್ಟ 90 ಪ್ರತಿಶತಕ್ಕಿಂತ ಕೆಳಗಿದ್ದರೆ ಮಾತ್ರ ಅದು ಬೇಕು.

ಮನೆಗೆ ಕಳುಹಿಸುವ ದಿನ

ಬಿಡುಗಡೆಯ ಚೀಟಿ ಕೈಗೆ ಕೊಟ್ಟು "ತಿಳಿಯಿತಾ?" ಎಂದು ಕೇಳಬೇಡಿ. ತಿಳಿಯಿತು ಎಂದೇ ಹೇಳುತ್ತಾರೆ. "ಮಾಡಿ ತೋರಿಸಿ" ಎನ್ನಿ. ಒತ್ತುವ ಇನ್‌ಹೇಲರ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿದು, ನಿಧಾನವಾಗಿ ಎಳೆಯಲು ಶುರುಮಾಡುತ್ತಲೇ ಒತ್ತಿ, ಹತ್ತರವರೆಗೆ ಎಣಿಸುತ್ತ ಹಿಡಿದಿಡಬೇಕು. ಕೈ-ಉಸಿರಿನ ಹೊಂದಾಣಿಕೆ ಬಾರದವರಿಗೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಕೊಳವೆ, ಸ್ಪೇಸರ್, ಕೊಡಿಸಿ. ಪುಡಿಯ ಇನ್‌ಹೇಲರ್ ಆದರೆ ತದ್ವಿರುದ್ಧ: ಜೋರಾಗಿ, ಆಳವಾಗಿ ಎಳೆಯಬೇಕು. ಸ್ಟೀರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಶಿಲೀಂಧ್ರ ಕೂರುತ್ತದೆ.

ಒಮ್ಮೆ ಹೊರರೋಗಿ ವಿಭಾಗಕ್ಕೆ ಅಜ್ಜಿಯೊಬ್ಬರು ಬಂದರು. ನಲವತ್ತು ವರ್ಷ ಸೌದೆ ಒಲೆ ಊದಿದವರು, ಎರಡು ತಿಂಗಳು ಔಷಧಿ ತೆಗೆದುಕೊಂಡರೂ ಏನೂ ಗುಣ ಕಂಡಿರಲಿಲ್ಲ. "ಅಜ್ಜಿ, ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ" ಎಂದೆ. ಡಬ್ಬಿಯಿಂದ ಕ್ಯಾಪ್ಸೂಲ್ ತೆಗೆದರು, ಬಾಟಲಿಯ ನೀರು ಕುಡಿದು ನುಂಗಿದರು. ಎಳೆಯುವ ಯಂತ್ರ ಎಲ್ಲಿ ಎಂದು ಕೇಳಿದಾಗ, "ಅದನ್ನು ಮೊಮ್ಮಗ ಪೀಪಿ ಎಂದು ಆಡುತ್ತಾನೆ ಮಗಳೇ" ಎಂದರು. ಸೊಸೆಯ ಮುಖ ಕೆಂಪಾಯಿತು. ಹೊಸದೊಂದನ್ನು ತರಿಸಿ, ಕ್ಯಾಪ್ಸೂಲ್ ಒಳಗಿಟ್ಟು, ಚುಚ್ಚಿ, ಅಜ್ಜಿಯ ಕೈಗೆ ಕೊಟ್ಟೆವು. ಮೊದಲ ಸಲ ಊದಿಬಿಟ್ಟರು, ಪುಡಿ ಹಾರಿ ಮಡಿಲಿಗೆ ಬಿತ್ತು. ಎರಡನೆಯ ಸಲ ಎಳೆದದ್ದು ಸಾಲಲಿಲ್ಲ. ಮೂರನೆಯದಕ್ಕೆ ಕ್ಯಾಪ್ಸೂಲ್ ಗಿರಗಿರನೆ ತಿರುಗಿದ ಸದ್ದು ನಮಗೆಲ್ಲ ಕೇಳಿಸಿತು. ನನ್ನ ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿ ನೋಟ್‌ಬುಕ್ ತೆರೆದು, ಕಸೂತಿಯಂಥ ಚಿತ್ರದ ಬಲಪುಟದಲ್ಲಿ ಬರೆಯತೊಡಗಿದಳು.